ದರಖಾಸ್ತುದಾರನ ಹಿನ್ನೆಲೆ

2025ರ ದೀಪಾವಳಿಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಆರೇಳು ವರ್ಷದ ಹಿಂದೆ ಬಿ.ಎ. ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. ಪಂಪಭಾರತದ ಪಾಠ ನಡೆಯುವಾಗ ಅವನ ಕಣ್ಣು ಕಿಟಕಿಯ ಹೊರಗೇ ಇರುತ್ತಿತ್ತು. ಅದಕ್ಕಾಗಿ ನಾನು ಒಂದೆರಡು ಸಲ ಗದರಿಸಿದ್ದೂ ಉಂಟು. ತಾಂಡದಿಂದ ಬಂದವನು. ತಾಯಿ ವರ್ಷದಲ್ಲಿ ನಾಲ್ಕು ತಿಂಗಳು ಮಲೆನಾಡಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುವವರು. ಹಾಗೆ ಲಾರಿ ಹತ್ತಿ ಹೋಗಿ ಬರುವ ಹೆಂಗಸರನ್ನು ಕುರಿತು ಅವನು ಮೊಬೈಲಿನಲ್ಲಿಯೇ ಇಪ್ಪತ್ತು ನಿಮಿಷದ ಚಿತ್ರವೊಂದನ್ನು ತೆಗೆದಿದ್ದ. ನನಗೂ ತೋರಿಸಿದ. ಬೆಳಕು ಅಲ್ಲಲ್ಲಿ ಕೆಟ್ಟಿತ್ತು, ಗಾಳಿಯ ಸದ್ದಿನಲ್ಲಿ ಮಾತು ಮುಳುಗಿಹೋಗಿತ್ತು. ಆದರೆ ಒಬ್ಬ ಮುದುಕಿ ಲಾರಿಯ ಹಿಂಬದಿಯಲ್ಲಿ ಕುಳಿತು ಎಲೆಯಡಿಕೆಯ ಚೀಲ ಬಿಚ್ಚುವ ನೋಟವೊಂದಿದೆ, ಅದನ್ನು ನಾನು ಬಹುಕಾಲ ಮರೆಯಲಾರೆ.

ಅದೇ ವಸ್ತುವನ್ನು ದೊಡ್ಡದಾಗಿ ಬರೆದು, ಸಾರ್ವಜನಿಕ ಹಣದಿಂದ ನಡೆಯುವ ಒಂದು ನಿಧಿಗೆ ಅವನು ಅರ್ಜಿ ಹಾಕಿದ್ದನಂತೆ. ಅರ್ಜಿ ತಿರಸ್ಕೃತವಾಯಿತು. ಚಿತ್ರಕಥೆಯ ಬಗ್ಗೆ ಒಂದು ಮಾತೂ ಇಲ್ಲದೆ, ಅರ್ಜಿದಾರರಿಗೆ ಸಾಕಷ್ಟು ಹಿನ್ನೆಲೆಯೂ ಅನುಭವವೂ ಇಲ್ಲವೆಂದು ಎರಡು ಸಾಲಿನ ಉತ್ತರ ಬಂದಿತ್ತು. ಇನ್ನೊಂದು ಸಲ ಹಾಕುತ್ತೇನೆ, ತಮ್ಮದೊಂದು ಶಿಫಾರಸು ಪತ್ರ ಬೇಕು ಎಂದು ಕೇಳಲು ಬಂದಿದ್ದ. ಕಾಫಿ ಕುಡಿಯುತ್ತ ಅವನು ಹೇಳಿದ: "ಸಾರ್, ಒಂದು ಸಿನಿಮಾ ಮಾಡಿದೋರಿಗೆ ಸಿನಿಮಾ ಮಾಡೋಕೆ ದುಡ್ಡು ಕೊಡ್ತಾರಂತೆ. ಮೊದಲನೇದಕ್ಕೆ ಏನ್ ಮಾಡೋದು ಸಾರ್?"

ನಾನು ಕನ್ನಡದ ಅಧ್ಯಾಪಕ. ಸಿನಿಮಾ ನನ್ನ ವೃತ್ತಿಯಲ್ಲ. ಹೆಗ್ಗೋಡಿನ ನೀನಾಸಮ್ ಶಿಬಿರದಲ್ಲಿ ಯೌವನದಲ್ಲಿ ಹತ್ತಿದ ಗೀಳು ಅದು. ಕಾಲೇಜಿನ ಚಿತ್ರಸಮಾಜವನ್ನು ಹತ್ತು ಹನ್ನೆರಡು ವರ್ಷದಿಂದ ನಡೆಸಿಕೊಂಡು ಬಂದಿರುವುದರಿಂದ ಈ ವಿಷಯದ ಪುಸ್ತಕಗಳು ಮನೆಯಲ್ಲಿ ಸೇರಿಕೊಂಡಿವೆ. ಹುಡುಗನಿಗೆ ಆಗ ಉತ್ತರ ಹೊಳೆಯಲಿಲ್ಲ. ಅವನು ಹೋದಮೇಲೆ ಆ ಪುಸ್ತಕಗಳನ್ನು ಕೆಳಗಿಳಿಸಿ ಕುಳಿತೆ. ನಮ್ಮ ದೇಶದಲ್ಲಿ ಸರಕಾರದ ಹಣದಿಂದ ತಯಾರಾದ ಚಿತ್ರಗಳ ಚರಿತ್ರೆಯನ್ನು ಅವನ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಮತ್ತೆ ಓದಿದರೆ, ಅದು ಮೊದಲು ಕಂಡಂತೆ ಕಾಣುವುದಿಲ್ಲ.

ಆ ಚರಿತ್ರೆ ಸತ್ಯಜಿತ್ ರಾಯ್ ಅವರಿಂದ ಮೊದಲಾಗುತ್ತದೆಂದರೆ ತಪ್ಪಾಗಲಾರದು. 1952ರಲ್ಲಿ 'ಪಥೇರ್ ಪಾಂಚಾಲಿ'ಯ ಚಿತ್ರೀಕರಣ ಆರಂಭಿಸಿದಾಗ ಅವರು ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆಯುತ್ತಿದ್ದ ನೌಕರ. ಒಂದು ಚಿತ್ರವನ್ನೂ ನಿರ್ದೇಶಿಸಿದವರಲ್ಲ. ಅವರ ಸಂಗಡಿಗರಲ್ಲಿ ಬಹುಮಂದಿಗೂ ಅದೇ ಮೊದಲ ಕೆಲಸ. ಛಾಯಾಗ್ರಾಹಕ ಸುಬ್ರತ ಮಿತ್ರರು ಅದಕ್ಕೆ ಮುಂಚೆ ಚಲಚ್ಚಿತ್ರದ ಕ್ಯಾಮರಾ ನಡೆಸಿದವರೇ ಅಲ್ಲ. ಹಾಡಿಲ್ಲದ, ಕುಣಿತವಿಲ್ಲದ, ಬಡ ಬ್ರಾಹ್ಮಣ ಸಂಸಾರವೊಂದರ ಕಥೆಗೆ ಯಾವ ಸಾಹುಕಾರ ಹಣ ಹಾಕಿಯಾನು? ಗ್ರಾಮಫೋನ್ ತಟ್ಟೆಗಳು ಮಾರಾಟವಾದವು, ಹೆಂಡತಿಯ ಒಡವೆ ಗಿರವಿಗೆ ಹೋಯಿತು, ಕೆಲಸ ನಿಂತೇಹೋಯಿತು. ಆಗ ರಾಯ್ ಅವರ ತಾಯಿಯ ಸ್ನೇಹಿತರೊಬ್ಬರ ಮೂಲಕ ವಿಷಯ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಡಾಕ್ಟರ್ ಬಿಧಾನ್‌ಚಂದ್ರ ರಾಯ್ ಅವರ ಕಿವಿಗೆ ಬಿತ್ತು. ಮುಖ್ಯಮಂತ್ರಿಗಳು ಹಣ ಮಂಜೂರು ಮಾಡಿದರು. ಚಿತ್ರಕ್ಕೆ ಹಣ ಕೊಡುವ ಬಾಬು ಸರಕಾರದ ಲೆಕ್ಕದಲ್ಲಿ ಇರಲಿಲ್ಲವಾಗಿ, ಅದು ರಸ್ತೆ ಸುಧಾರಣೆಯ ಬಾಬಿಗೆ ಸೇರಿತು. ಚಿತ್ರದ ಹೆಸರಿನಲ್ಲಿಯೇ 'ಪಥ' ಇತ್ತಲ್ಲ!

ಈ ಕಥೆಯನ್ನು ನಾವು ನಕ್ಕು ಹೇಳುತ್ತೇವೆ. ತರಗತಿಯಲ್ಲಿ ನಾನೂ ಎಷ್ಟೋ ಸಲ ನಗಿಸಿದ್ದೇನೆ. ಹಳ್ಳಿಯ ಉದ್ಧಾರವನ್ನು ಕುರಿತ ಸಾಕ್ಷ್ಯಚಿತ್ರವೆಂದು ಅಧಿಕಾರಿಗಳು ತಿಳಿದಿದ್ದರೆಂದೂ, ಕೊನೆಯಲ್ಲಿ ಸಂಸಾರ ಊರು ಬಿಟ್ಟು ಹೋಗುವುದರ ಬದಲು ಸಮುದಾಯಾಭಿವೃದ್ಧಿಯ ಬೆಳಕು ಕಾಣಲೆಂದು ಸಲಹೆ ಬಂತೆಂದೂ, ರಾಯ್ ಒಪ್ಪಲಿಲ್ಲವೆಂದೂ ಬಲ್ಲವರು ಬರೆದಿದ್ದಾರೆ. ಚಿತ್ರ 1955ರಲ್ಲಿ ತೆರೆಕಂಡಿತು. ಮರುವರ್ಷ ಕಾನ್ ಉತ್ಸವದಲ್ಲಿ ಮಾನವೀಯ ದಾಖಲೆಯೆಂದು ಗೌರವ ಪಡೆಯಿತು. ಹಕ್ಕು ಸರಕಾರದ್ದಾಗಿತ್ತು, ಹಾಕಿದ ಹಣಕ್ಕಿಂತ ಬೊಕ್ಕಸಕ್ಕೆ ಬಂದದ್ದೇ ಹೆಚ್ಚಾಯಿತು.

ನಗುವಿನ ನಡುವೆ ನಾನು ಗಮನಿಸದೆ ಬಿಟ್ಟದ್ದು ಆ ತಾಯಿಯ ಸ್ನೇಹಿತರನ್ನು. ಅನುಭವವಿಲ್ಲ, ಜಾಮೀನಿಲ್ಲ, ಅರ್ಧ ಮುಗಿದ ಚಿತ್ರ. ಇಷ್ಟಿದ್ದರೂ ಬಾಗಿಲು ತೆರೆಯಿತು. ಯಾಕೆಂದರೆ ಉಪೇಂದ್ರಕಿಶೋರರ ಮೊಮ್ಮಗ, ಸುಕುಮಾರ ರಾಯರ ಮಗ ಎಂದರೆ ಕಲಕತ್ತೆಯಲ್ಲಿ ಮತ್ತೊಂದು ಹಿನ್ನೆಲೆಯನ್ನು ಯಾರೂ ಕೇಳಬೇಕಾಗಿರಲಿಲ್ಲ. ಇದರಿಂದ ರಾಯ್ ಅವರ ಪ್ರತಿಭೆಗೆ ಎಳ್ಳಷ್ಟೂ ಊನವಿಲ್ಲ. ಆ ಬಾಗಿಲು ತೆರೆಯದಿದ್ದರೆ ನಾವು ಎಷ್ಟು ಬಡವರಾಗುತ್ತಿದ್ದೆವು! ಆದರೆ ಅದೇ ಕಾಲದಲ್ಲಿ ಅಷ್ಟೇ ಕಣ್ಣುಳ್ಳ ಮತ್ತೊಬ್ಬ, ತಾಯಿಗೆ ಅಂಥ ಸ್ನೇಹಿತರಿಲ್ಲದವ, ಎಲ್ಲಿದ್ದನೊ!

ಹೀಗೆ ಯಾರೋ ಯಾರಿಗೋ ಹೇಳಿ ಹಣ ಕೊಡಿಸುವ ಸ್ಥಿತಿ ಹೋಗಿ ಒಂದು ವ್ಯವಸ್ಥೆ ಆಗಬೇಕೆಂದು ಆ ಹೊತ್ತಿಗಾಗಲೇ ಹೇಳಿದ್ದವರಿದ್ದರು. 1949ರಲ್ಲಿ ಎಸ್.ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ನೇಮಕವಾದ ಚಲಚ್ಚಿತ್ರ ವಿಚಾರಣಾ ಸಮಿತಿ 1951ರಲ್ಲಿ ವರದಿ ಒಪ್ಪಿಸಿತು. ಯುದ್ಧಕಾಲದಲ್ಲಿ ಕಾಳಸಂತೆಯಲ್ಲಿ ಗಳಿಸಿದ ಹಣ ಚಿತ್ರೋದ್ಯಮಕ್ಕೆ ನುಗ್ಗಿ, ಹಳೆಯ ಸ್ಟುಡಿಯೋಗಳು ಒಂದೊಂದಾಗಿ ಮುಗ್ಗರಿಸುತ್ತಿದ್ದ ಕಾಲ ಅದು. ಬ್ಯಾಂಕುಗಳು ಸಿನಿಮಾದವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. (ಚಿತ್ರರಂಗಕ್ಕೆ ಕೇಂದ್ರ ಸರಕಾರ ಉದ್ಯಮದ ಮಾನ್ಯತೆ ಕೊಟ್ಟದ್ದು 1998ರಲ್ಲಿ ಎಂದರೆ ಓದುಗರು ನಂಬುತ್ತಾರೋ ಇಲ್ಲವೋ.) ಸಮಿತಿಯು ಒಂದು ಹಣಕಾಸು ಸಂಸ್ಥೆ ಬೇಕು, ಒಂದು ಶಿಕ್ಷಣ ಸಂಸ್ಥೆ ಬೇಕು ಎಂದಿತು. ನಮ್ಮ ಸರಕಾರಗಳ ನಡಿಗೆಯ ವೇಗವನ್ನು ಬಲ್ಲವರಿಗೆ ಆಶ್ಚರ್ಯವಾಗಲಾರದು: ಎರಡೂ ಹುಟ್ಟಿದ್ದು 1960ರಲ್ಲಿ. ಪುಣೆಯ ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್, ಮುಂಬಯಿಯಲ್ಲಿ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್.

ಈ ಕಾರ್ಪೊರೇಷನ್ ಮೊದಲು ಹಣಕಾಸು ಇಲಾಖೆಯ ಕೈಯಲ್ಲಿತ್ತು. 1964ರಲ್ಲಿ ವಾರ್ತಾ ಇಲಾಖೆಗೆ ಬಂತು. ಅದು ಕೊಡುತ್ತಿದ್ದದ್ದು ದಾನವಲ್ಲ, ಸಾಲ, ಬಡ್ಡಿಸಮೇತ ತೀರಿಸಬೇಕು. ಮೊದಲ ವರ್ಷಗಳಲ್ಲಿ ಹೆಸರಿದ್ದವರಿಗೇ ಹೆಚ್ಚಾಗಿ ಸಾಲ ಸಿಕ್ಕಿತು. ಸಾಲ ಕೊಡುವವನ ಸ್ವಭಾವವೇ ಅದು. ಅರವತ್ತರ ದಶಕದ ಕೊನೆಯಲ್ಲಿ ಗಾಳಿ ಬೇರೆ ಕಡೆಗೆ ತಿರುಗಿತು. ಕಡಮೆ ಖರ್ಚಿನ, ಹೊಸ ಬಗೆಯ ಚಿತ್ರಗಳಿಗೆ ಹಣ ಕೊಡಬೇಕೆಂಬ ನಿಲುವು ಬಂತು. 'ಫಿಲ್ಮ್‌ಫೇರ್' ಪತ್ರಿಕೆಯ ಸಂಪಾದಕರಾಗಿದ್ದ ಬಿ.ಕೆ. ಕರಂಜಿಯಾ ಕಾರ್ಪೊರೇಷನ್ನಿನ ಅಧ್ಯಕ್ಷರಾದ ಕಾಲ.

1969ರ 'ಭುವನ್ ಶೋಮ್' ಆ ನಿಲುವಿನ ಮೊದಲ ಫಲ. ಮೃಣಾಲ್ ಸೇನ್ ಅಷ್ಟು ಹೊತ್ತಿಗೆ ಬಂಗಾಳಿಯಲ್ಲಿ ಹಲವು ಚಿತ್ರ ಮಾಡಿ ಕೈ ಸುಟ್ಟುಕೊಂಡಿದ್ದರು. ಎರಡು ಲಕ್ಷ ರೂಪಾಯಿಯೊಳಗೆ ಹಿಂದಿಯ ಚಿತ್ರವೊಂದು ಮುಗಿಯಿತೆಂದರೆ ಮುಂಬಯಿಯವರಿಗೆ ತಮಾಷೆಯಾಗಿ ಕಂಡಿರಬೇಕು. ಬಿಗುಮುಖದ ರೈಲ್ವೆ ಅಧಿಕಾರಿಯೊಬ್ಬ ಹಕ್ಕಿ ಬೇಟೆಗೆಂದು ಸೌರಾಷ್ಟ್ರದ ಮರಳಿಗೆ ಹೋಗಿ ಹಳ್ಳಿಯ ಹುಡುಗಿಯೊಬ್ಬಳ ಮುಂದೆ ಮೆತ್ತಗಾಗುವ ಕಥೆ. ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು, ಪ್ರೇಕ್ಷಕರೂ ಬಂದರು. ಅದರ ಬೆನ್ನಿಗೇ ಪುಣೆಯಲ್ಲಿ ಕಲಿತ ಹುಡುಗರಿಗೆ ಬಾಗಿಲು ತೆರೆಯಿತು. ಮಣಿ ಕೌಲ್ 'ಉಸ್ಕೀ ರೋಟೀ' ಮಾಡಿದರು, ಕುಮಾರ್ ಶಹಾನಿ 1972ರಲ್ಲಿ 'ಮಾಯಾ ದರ್ಪಣ್' ಮಾಡಿದರು. ಈ ಚಿತ್ರಗಳಲ್ಲಿ ಕಾಲ ನಿಧಾನವಾಗಿ ಚಲಿಸುತ್ತದೆ. ನನ್ನ ವಿದ್ಯಾರ್ಥಿಗಳು 'ಉಸ್ಕೀ ರೋಟೀ' ನೋಡುತ್ತ ನಿದ್ದೆಹೋದದ್ದನ್ನು ಮುಚ್ಚಿಡಲಾರೆ. ಒಬ್ಬಳು ಮಾತ್ರ ಮುಗಿದ ಮೇಲೆ ಬಂದು, ಬಸ್ ನಿಲ್ದಾಣದಲ್ಲಿ ಬುತ್ತಿ ಹಿಡಿದು ಕಾಯುವ ಆ ಹೆಂಗಸಿನ ಹಾಗೆ ತನ್ನ ಅಜ್ಜಿಯೂ ಕಾಯುತ್ತಿದ್ದಳೆಂದು ಹೇಳಿ ಹೋದಳು.

ಇಲ್ಲಿ ನಮ್ಮ ಮೈಸೂರಿನವರೊಬ್ಬರ ಮಾತು ಬರಬೇಕು. ಎಂ.ಎಸ್. ಸತ್ಯು ಅವರು ಕಾರ್ಪೊರೇಷನ್ನಿಗೆ ಮೊದಲು ಕೊಟ್ಟ ಚಿತ್ರಕಥೆ ತಿರಸ್ಕೃತವಾಯಿತು. ಅದರ ಬದಲಿಗೆ ಅವರು ಕೊಟ್ಟದ್ದು 'ಗರ್ಮ್ ಹವಾ'. ಇಸ್ಮತ್ ಚುಗ್ತಾಯಿಯವರ ಕಥೆಯ ಎಳೆಯಿಂದ ಕೈಫಿ ಆಜ್ಮಿ ಮತ್ತು ಶಮಾ ಜೈದಿ ಹೆಣೆದ ಚಿತ್ರಕಥೆ. ದೇಶವಿಭಜನೆಯ ಮೇಲೆ ಆಗ್ರಾದಲ್ಲಿ ಉಳಿಯಬೇಕೆನ್ನುವ ಮುಸಲ್ಮಾನ ಪಾದರಕ್ಷೆ ವ್ಯಾಪಾರಿಯ ಕುಟುಂಬದ ಕಥೆ. ಎರಡೂವರೆ ಲಕ್ಷ ಸಾಲ ಸಿಕ್ಕಿತು. ಉಳಿದ ಹಣ ಸ್ನೇಹಿತರಿಂದ ಕೈಗಡ. ಶಬ್ದಗ್ರಹಣದ ಸಲಕರಣೆಗೆ ಹಣವಿಲ್ಲದೆ ಚಿತ್ರವನ್ನು ಮೂಕವಾಗಿ ತೆಗೆದು ಆಮೇಲೆ ಮಾತು ಸೇರಿಸಿದರು. ಬಲರಾಜ್ ಸಾಹ್ನಿ ತಮ್ಮ ಪಾತ್ರಕ್ಕೆ ದನಿ ಕೊಟ್ಟು ಮುಗಿಸಿದ ಮರುದಿನವೇ ತೀರಿಕೊಂಡರು. ಅನಂತರ ಸೆನ್ಸಾರಿನವರು ತಿಂಗಳುಗಟ್ಟಲೆ ತಡೆದರು. ಗಲಭೆಯಾದೀತೆಂದು ಅಂಜಿಕೆ. ಕೊನೆಗೆ 1974ರಲ್ಲಿ ಅದು ಮೊದಲು ತೆರೆಕಂಡದ್ದು ಬೆಂಗಳೂರಿನಲ್ಲಿ, ಗಲಭೆ ಆಗಲಿಲ್ಲ. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೂ ಬಂತು. ಒಂದು ಸರಕಾರ ಒಂದು ಕೈಯಿಂದ ಸಾಲ ಕೊಟ್ಟು, ಇನ್ನೊಂದು ಕೈಯಿಂದ ತಡೆದು, ಮೂರನೆಯ ಕೈಯಿಂದ ಹಾರ ಹಾಕಿದ ಕಥೆ ಇದು. ಎಷ್ಟು ಕೈಗಳಿದ್ದರೂ ಒಂದು ಕೈ ತೆರೆದಿದ್ದರಿಂದ ಆ ಚಿತ್ರ ನಮಗೆ ಉಳಿಯಿತು.

ಅದೇ ಕಾಲದಲ್ಲಿ ತಿರುವನಂತಪುರದಲ್ಲಿ ಇನ್ನೊಬ್ಬರು ಕಾಯುತ್ತಿದ್ದರು. ಅಡೂರು ಗೋಪಾಲಕೃಷ್ಣನ್ ಪುಣೆಯಲ್ಲಿ ಕಲಿತು ಹೊರಬಂದದ್ದು 1965ರಲ್ಲಿ. ಮೊದಲ ಕಥಾಚಿತ್ರ 'ಸ್ವಯಂವರಂ' ಬಂದದ್ದು 1972ರಲ್ಲಿ. ನಡುವಿನ ಏಳು ವರ್ಷ ಗೆಳೆಯರೊಡನೆ ಸಹಕಾರ ಸಂಘ ಕಟ್ಟಿ, ಸಾಕ್ಷ್ಯಚಿತ್ರ ಮಾಡಿ ಕಳೆದರು. ಕಾರ್ಪೊರೇಷನ್ ಅವರಿಗೂ ಮೊದಲು ಇಲ್ಲವೆಂದಿತು. ಆಮೇಲೆ ಒಂದೂವರೆ ಲಕ್ಷ ಸಾಲ ಕೊಟ್ಟಿತು. ಚಿತ್ರದ ಒಟ್ಟು ಖರ್ಚು ಎರಡೂವರೆ ಲಕ್ಷ. ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶಕ, ಅತ್ಯುತ್ತಮ ನಟಿ ಎಂದು ರಾಷ್ಟ್ರಪ್ರಶಸ್ತಿಗಳು ಸಾಲಾಗಿ ಬಂದವು. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಮತ್ತೆ ಅಲ್ಲಿಗೆ ಬರುತ್ತೇನೆ.

ಇಷ್ಟು ಚಿತ್ರಗಳು ಬಂದವಲ್ಲ, ಇವನ್ನು ಜನ ನೋಡಿದರೆ? ಬಹುಪಾಲು ನೋಡಲಿಲ್ಲ, ನೋಡಲು ಸಿಗಲಿಲ್ಲ. ಕಾರ್ಪೊರೇಷನ್ ಚಿತ್ರ ಮಾಡಿಸಿತೇ ಹೊರತು ತೋರಿಸುವ ಚಿತ್ರಮಂದಿರಗಳನ್ನು ಕಟ್ಟಲಿಲ್ಲ. ರೈತನಿಗೆ ಬೀಜಕ್ಕೆ ಸಾಲ ಕೊಟ್ಟು ಸಂತೆಗೆ ದಾರಿ ಮಾಡದೆ, ಸುಗ್ಗಿ ಮುಗಿದ ಮೇಲೆ ಬಡ್ಡಿ ಕೇಳಿದ ಹಾಗಾಯಿತು. ಸಾಲ ವಾಪಸು ಬರಲಿಲ್ಲ, ಟೀಕೆ ಬಂತು. ರಾಯ್ ಅವರಂಥವರೇ 1971ರಲ್ಲಿಯೂ 1974ರಲ್ಲಿಯೂ ಈ ಹೊಸ ಅಲೆಯನ್ನು ಕುರಿತು ಕಟುವಾಗಿ ಬರೆದರು. 1976ರಲ್ಲಿ, ತುರ್ತುಪರಿಸ್ಥಿತಿಯ ದಿನಗಳಲ್ಲಿ, ಸಂಸತ್ತಿನ ಸಾರ್ವಜನಿಕ ಉದ್ಯಮಗಳ ಸಮಿತಿ ಕಾರ್ಪೊರೇಷನ್ನಿನ ಲೆಕ್ಕವನ್ನು ಕೈಗೆತ್ತಿಕೊಂಡು, ಹಣ ಪೋಲಾಯಿತೆಂದು ತರಾಟೆಗೆ ತೆಗೆದುಕೊಂಡಿತು.

ಆ ಹೊತ್ತಿನಲ್ಲಿ ಮುಂದಿನ ಅರ್ಜಿಗಳನ್ನು ಅಳೆಯಲು ಕೆಲವು ಒರೆಗಲ್ಲುಗಳು ಗೊತ್ತಾದವು. ಕಥೆಯಲ್ಲಿ ಮಾನವೀಯ ಆಸಕ್ತಿ ಇರಬೇಕು, ವಸ್ತುವಿನಲ್ಲಿ, ನಿರೂಪಣೆಯಲ್ಲಿ ಭಾರತೀಯತೆ ಇರಬೇಕು, ಪ್ರೇಕ್ಷಕ ತನ್ನವರೆಂದು ಗುರುತಿಸಬಲ್ಲ ಪಾತ್ರಗಳಿರಬೇಕು, ನಾಟಕೀಯತೆ ಇರಬೇಕು, ಕೊನೆಯದಾಗಿ, ಅರ್ಜಿದಾರನ ಹಿನ್ನೆಲೆ ಮತ್ತು ಸಾಮರ್ಥ್ಯ. ಮೊದಲ ನಾಲ್ಕನ್ನು ಬೇಕಾದವರು ಬೇಕಾದ ಹಾಗೆ ಎಳೆಯಬಹುದು. 'ಭಾರತೀಯತೆ' ಎಂಬ ಮಾತಿಗೆ ಒಂದು ಸಮಿತಿಯ ಐವರು ಸದಸ್ಯರು ಆರು ಅರ್ಥ ಹೇಳಿಯಾರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಐದನೆಯದು. ನನ್ನ ವಿದ್ಯಾರ್ಥಿಗೆ ಬಂದ ಎರಡು ಸಾಲಿನ ಉತ್ತರದಲ್ಲಿದ್ದ ಮಾತೂ ಅದೇ. ಅಷ್ಟು ವರ್ಷದ ಹಿಂದಿನ ಕಾಗದದಿಂದ ಇಷ್ಟು ದೂರ ಆ ಮಾತು ನಡೆದುಬಂದಿದೆ!

ಹಿನ್ನೆಲೆಯೆಂಬುದು ಎಷ್ಟು ಮೆತ್ತನೆಯ ಮಾತು ಎಂಬುದನ್ನು ನನ್ನ ಮನೆಯ ಕಥೆಯೊಂದರಿಂದ ಹೇಳಬಹುದು. ಸರಕಾರದ ಬೀಳು ಭೂಮಿಯನ್ನು ಅರ್ಜಿ ಹಾಕಿ ಪಡೆದರೆ ನಮ್ಮ ಕಡೆ ಅದನ್ನು ದರಖಾಸ್ತು ಜಮೀನೆನ್ನುತ್ತಾರೆ. ನಮ್ಮ ತಾತನಿಗೆ ಹಾಗೆ ಎರಡು ಎಕರೆ ಸಿಕ್ಕಿತು. ತಾತ ನೇಗಿಲು ಹಿಡಿದವರಲ್ಲ. ಶಾನುಭೋಗರ ಜಗಲಿಯಲ್ಲಿ ಕುಳಿತು ಪಂಚಾಂಗ ಓದುವಷ್ಟು ಸಲಿಗೆಯಿದ್ದವರು, ಅಮಲ್ದಾರರಿಗೆ ನಮಸ್ಕಾರ ಹೇಳಿ ತಮ್ಮ ಕೆಲಸ ಹೇಳಿಕೊಳ್ಳುವಷ್ಟು ಮಾತು ಬಲ್ಲವರು. ಅದೇ ಬೀಳನ್ನು ವರ್ಷಗಟ್ಟಲೆ ಹಸನು ಮಾಡಿ ರಾಗಿ ಬಿತ್ತುತ್ತಿದ್ದವನೊಬ್ಬ ಊರ ಹೊರಗಿನ ಕೇರಿಯಲ್ಲಿದ್ದ. ಅವನೂ ಅರ್ಜಿ ಹಾಕಬಹುದಾಗಿತ್ತು, ಕಾನೂನಿನ ಅಡ್ಡಿಯೇನೂ ಇರಲಿಲ್ಲ. ಅರ್ಜಿಯೆಂಬುದೊಂದಿದೆಯೆಂದು ಅವನಿಗೆ ತಿಳಿಯುವ ಹೊತ್ತಿಗೆ ನಮ್ಮ ತಾತನ ಹೆಸರಿಗೆ ಪಟ್ಟ ಬಂದಿತ್ತು. ನಾನು ಓದಿದ್ದು ಆ ಎರಡು ಎಕರೆಯ ಬೆಳೆಯಿಂದ. ಬೇಸಾಯದ ಸಾಮರ್ಥ್ಯವಿದ್ದವನು ಒಬ್ಬ, ಅರ್ಜಿಯ ಸಾಮರ್ಥ್ಯವಿದ್ದವನು ಇನ್ನೊಬ್ಬ. ಕಾಗದದಲ್ಲಿ ಎರಡನೆಯದೇ ಸಾಮರ್ಥ್ಯವೆಂದು ಬರೆಯಲ್ಪಟ್ಟಿತು.

ಶಿವರಾಮ ಕಾರಂತರ ಚೋಮನ ನೆನಪಾಗದೆ ಇರುವುದು ಸಾಧ್ಯವಿಲ್ಲ. ಚೋಮನಿಗೆ ಎತ್ತುಗಳಿದ್ದವು, ಉಳಲು ಹೊಲ ಸಿಗಲಿಲ್ಲ. ಬಿ.ವಿ. ಕಾರಂತರು ಆ ಕಾದಂಬರಿಯನ್ನು 1975ರಲ್ಲಿ ಚಿತ್ರ ಮಾಡಿದರು. ವಾಸುದೇವರಾಯರ ಚೋಮ ಇಂದಿಗೂ ಕಣ್ಣ ಮುಂದಿದ್ದಾನೆ. 1970ರ 'ಸಂಸ್ಕಾರ', 1975ರ 'ಚೋಮನ ದುಡಿ', 1977ರ 'ಘಟಶ್ರಾದ್ಧ': ಒಂದೇ ದಶಕದಲ್ಲಿ ಮೂರು ಸಲ ಕನ್ನಡ ಚಿತ್ರವೇ ದೇಶದ ಅತ್ಯುತ್ತಮ ಚಿತ್ರವೆನಿಸಿತು. ಮೂರರಲ್ಲಿಯೂ ಜಾತಿಯೇ ವಸ್ತು. ಮೂರನ್ನೂ ತೆಗೆದವರು ಜಾತಿಯ ಮೇಲುಮೆಟ್ಟಿಲಿನಿಂದ ಬಂದು, ಆ ಮೆಟ್ಟಿಲನ್ನೇ ಪ್ರಶ್ನಿಸಿದವರು. ಅವರ ಪ್ರಾಮಾಣಿಕತೆ ದೊಡ್ಡದು, ನಮ್ಮ ಋಣವೂ ದೊಡ್ಡದು. ಆದರೆ ಚೋಮ ತೆರೆಯ ಮೇಲೆ ಬಂದ ಎಷ್ಟೋ ವರ್ಷದ ಮೇಲೂ ಚೋಮನ ಮೊಮ್ಮಗ ಕ್ಯಾಮರಾದ ಹಿಂದೆ ಬಂದಿರಲಿಲ್ಲ. ಹೆಂಗಸರ ಮಾತೂ ಅಷ್ಟೇ. ಕಾರ್ಪೊರೇಷನ್ನಿನ ಆ ಕೀರ್ತಿಯ ವರ್ಷಗಳನ್ನು ನೆನೆಯುವಾಗ ಬಾಯಿಗೆ ಬರುವ ನಿರ್ದೇಶಕರೆಲ್ಲ ಗಂಡಸರೇ. ಕನ್ನಡದಲ್ಲಿ ಪ್ರೇಮಾ ಕಾರಂತರು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನನ್ನು ಚಿತ್ರ ಮಾಡಲು 1983 ಬರಬೇಕಾಯಿತು.

ನಮ್ಮ ರಾಜ್ಯ ಸರಕಾರವೂ ಅರವತ್ತರ ದಶಕದ ಉತ್ತರಾರ್ಧದಿಂದ ಚಿತ್ರಗಳಿಗೆ ಸಹಾಯಧನ ಕೊಡುತ್ತ ಬಂದಿದೆ. ಮದರಾಸಿನಲ್ಲಿ ಬೀಡುಬಿಟ್ಟಿದ್ದ ಕನ್ನಡ ಚಿತ್ರೋದ್ಯಮವನ್ನು ಬೆಂಗಳೂರಿಗೆ ಕರೆತರುವುದು ಅದರ ಉದ್ದೇಶವಾಗಿತ್ತು. ಆ ಕೆಲಸ ಚೆನ್ನಾಗಿಯೇ ನಡೆಯಿತು. ಆದರೆ ಈ ಸಹಾಯಧನ ಚಿತ್ರ ಮುಗಿದು, ಸೆನ್ಸಾರ್ ಆಗಿ, ಸಮಿತಿ ನೋಡಿದ ಮೇಲೆ ಬರುವಂಥದು. ಅಂದರೆ ಹೊಳೆ ದಾಟಿದವನಿಗೆ ದೋಣಿಯ ಬಾಡಿಗೆ. ಮೊದಲ ರೂಪಾಯಿ ಎಲ್ಲಿಂದಲೋ ಬಂದವರಿಗೆ ಅದು ಉಪಕಾರ. ಹುಡುಗನ ಪ್ರಶ್ನೆ ಇದ್ದದ್ದು ಆ ಮೊದಲ ರೂಪಾಯಿಯ ಬಗ್ಗೆ. 'ಸಂಸ್ಕಾರ'ದ ಪಟ್ಟಾಭಿರಾಮ ರೆಡ್ಡಿಯವರು ತೆಲುಗಿನ ಕವಿ. ಅದಕ್ಕೆ ಮುಂಚೆ ತೆಲುಗು ಚಿತ್ರಗಳನ್ನು ನಿರ್ಮಿಸಿದ್ದವರು. ಸರಕಾರದ ಬಾಗಿಲು ತಟ್ಟಬೇಕಾದ ಗತಿ ಅವರದಾಗಿರಲಿಲ್ಲ.

1980ರಲ್ಲಿ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದಲ್ಲಿ ಸೇರಿಹೋಯಿತು. ನಿಗಮದಿಂದ 'ಜಾನೇ ಭೀ ದೋ ಯಾರೋ'ದಂಥ ಚಿತ್ರಗಳು ಬಂದವು, ನಮ್ಮ ಜಿ.ವಿ. ಅಯ್ಯರರ 'ಆದಿ ಶಂಕರಾಚಾರ್ಯ' ಬಂತು. ವಿಜಯಾ ಮೆಹ್ತಾ ಅವರಿಗೆ 'ಪೆಸ್ತನ್‌ಜೀ' ಮಾಡುವ ಅವಕಾಶ ಬಂತು. 2022ರಲ್ಲಿ ಫಿಲ್ಮ್ಸ್ ಡಿವಿಜನ್, ಫಿಲ್ಮ್ ಆರ್ಕೈವ್ ಮೊದಲಾದವನ್ನೂ ಅದೇ ನಿಗಮದ ಮಡಿಲಿಗೆ ಹಾಕಲಾಯಿತು. ಈ ನಲವತ್ತು ವರ್ಷಗಳ ಏಳುಬೀಳನ್ನು ಇಲ್ಲಿ ಬಿಡುತ್ತೇನೆ. ಹುಡುಗನ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡದ್ದು ಕೇರಳ.

2019ರಲ್ಲಿ ಕೇರಳ ಸರಕಾರ ತನ್ನ ಚಲಚ್ಚಿತ್ರ ಅಭಿವೃದ್ಧಿ ನಿಗಮದ ಮೂಲಕ ಮಹಿಳಾ ನಿರ್ದೇಶಕರಿಗೆ, ಅನಂತರ ಪರಿಶಿಷ್ಟ ಜಾತಿ ಮತ್ತು ಪಂಗಡದ ನಿರ್ದೇಶಕರಿಗೆ, ಆಯ್ಕೆಯಾದ ಒಂದೊಂದು ಚಿತ್ರಕ್ಕೆ ಒಂದೂವರೆ ಕೋಟಿ ರೂಪಾಯಿಯವರೆಗೆ ಕೊಡುವ ಯೋಜನೆ ತಂದಿತು. ಚಿತ್ರ ಮುಗಿದ ಮೇಲಲ್ಲ, ಮೊದಲೇ. ತಾರಾ ರಾಮಾನುಜನ್ ಅವರ 'ನಿಷಿದ್ಧೋ' ವಲಸೆ ಬಂದ ಕೂಲಿಗಳ ಬಾಳನ್ನು ಹಿಡಿಯಿತು. ಶ್ರುತಿ ಶರಣ್ಯಂ ಅವರ 'ಬಿ 32 ಮುದಲ್ 44 ವರೆ' ಆರು ಹೆಂಗಸರು ತಂತಮ್ಮ ದೇಹದೊಡನೆ, ಆ ದೇಹವನ್ನು ನೋಡುವ ಲೋಕದೊಡನೆ ಏಗುವುದನ್ನು ಹೇಳಿತು. ಆ ಹೆಸರನ್ನು ಕೇಳಿಯೇ ಎಷ್ಟು ಜನ ಹಣವಂತರು ಎದ್ದುಹೋಗುತ್ತಿದ್ದರೋ! ಶಿವರಂಜಿನಿಯವರ 'ವಿಕ್ಟೋರಿಯಾ' ಒಂದು ಸಣ್ಣ ಊರಿನ ಬ್ಯೂಟಿ ಪಾರ್ಲರಿನೊಳಗೆ ಹೆಂಗಸರ ಮಾತು, ಮೌನಗಳನ್ನು ಕೂಡಿಸಿತು. 2025ರಲ್ಲಿ ಶಾಂಘೈ ಉತ್ಸವದಲ್ಲಿ ಅದರ ನಾಯಕಿ ಮೀನಾಕ್ಷಿ ಜಯನ್ ಪ್ರಶಸ್ತಿ ಪಡೆದರು. ಎಲ್ಲವೂ ಸುಸೂತ್ರವಾಗಿತ್ತೆಂದಲ್ಲ. ಹಣ ಕೈಗೆ ಬರುವಾಗಿನ ತಡ, ಕಚೇರಿಯ ನಡವಳಿಕೆ ಇವನ್ನು ಕುರಿತು ಹಣ ಪಡೆದವರೇ ಬಹಿರಂಗವಾಗಿ ದೂರಿದ್ದುಂಟು. ಬಾಗಿಲು ದಾಟಿದ ಮೇಲೂ ಹಜಾರದಲ್ಲಿ ಬಾಗಿಲುಗಳಿರುತ್ತವೆ.

2025ರ ಆಗಸ್ಟ್ ಮೊದಲ ವಾರದಲ್ಲಿ ತಿರುವನಂತಪುರದಲ್ಲಿ ಕೇರಳದ ಚಲಚ್ಚಿತ್ರ ನೀತಿಯನ್ನು ಕುರಿತ ಸಮಾವೇಶ ನಡೆಯಿತು. ಮುಕ್ತಾಯದ ಸಭೆಯಲ್ಲಿ ಮಾತಾಡಿದವರು, ನಾನು ಆಗಲೇ ನೆನಪಿಡಿ ಎಂದೆನಲ್ಲ, ಆ ಅಡೂರು ಗೋಪಾಲಕೃಷ್ಣನ್. ಒಂದೂವರೆ ಕೋಟಿ ಹೆಚ್ಚಾಯಿತು, ಅದನ್ನೇ ಐವತ್ತು ಲಕ್ಷದಂತೆ ಮೂವರಿಗೆ ಹಂಚಬಹುದು. ಪರಿಶಿಷ್ಟರಿಗೆ ಹಣ ಕೊಡುವ ಮುನ್ನ ಕಡಮೆಯೆಂದರೆ ಮೂರು ತಿಂಗಳ ಕಟ್ಟುನಿಟ್ಟಾದ ತರಬೇತಿ ಕೊಡಬೇಕು. ಹೆಣ್ಣೆಂಬ ಒಂದೇ ಕಾರಣಕ್ಕೆ ಹಣ ಕೊಡಬಾರದು. ಇದು ಜನರ ತೆರಿಗೆಯ ಹಣವೆಂಬ ಜವಾಬ್ದಾರಿ ಇರಬೇಕು ಎಂಬುದು ಅವರ ಮಾತಿನ ಸಾರ. ಸಭೆಯಲ್ಲಿದ್ದ ಗಾಯಕಿ, ಕೇರಳ ಸಂಗೀತ ನಾಟಕ ಅಕಾಡೆಮಿಯ ಉಪಾಧ್ಯಕ್ಷೆ ಪುಷ್ಪವತಿ ಅಲ್ಲಿಯೇ ಎದ್ದು ಪ್ರತಿಭಟಿಸಿದರು. ಸಚಿವ ಸಜಿ ಚೆರಿಯಾನ್ ಯೋಜನೆಯನ್ನು ಅದೇ ವೇದಿಕೆಯಿಂದ ಸಮರ್ಥಿಸಿದರು. ಮುಂದೆ ಕೆಲವು ವಾರ ಮಲಯಾಳ ಪತ್ರಿಕೆಗಳ ತುಂಬ ಅದೇ ಚರ್ಚೆ.

ನಾನು ಅಡೂರರ ಚಿತ್ರಗಳನ್ನು ಪ್ರೀತಿಸುವವನು. 'ಎಲಿಪ್ಪತ್ತಾಯಂ' ಚಿತ್ರವನ್ನು ವರ್ಷವರ್ಷವೂ ಹುಡುಗರಿಗೆ ತೋರಿಸುತ್ತೇನೆ. ಅವರ ಮಾತಿನಲ್ಲಿ ತಿರುಳಿಲ್ಲವೆಂದು ತಳ್ಳಿಹಾಕಲಾರೆ. ತೆರಿಗೆಯ ಹಣವೆಂಬುದು ನಿಜ. ಐವತ್ತು ಲಕ್ಷದಂತೆ ಮೂವರಿಗೆ ಕೊಡುವುದು ಒಳ್ಳೆಯದೇ ಕೆಟ್ಟದ್ದೇ ಎಂಬುದು ಲೆಕ್ಕದ ಪ್ರಶ್ನೆ, ಅದನ್ನು ಲೆಕ್ಕ ಬಲ್ಲವರು ತೀರ್ಮಾನಿಸಲಿ. ಕಲಿಯುವುದು ಯಾರಿಗೂ ಅವಮಾನವಲ್ಲ. ತರಬೇತಿ ಬೇಕೆಂದರೆ ಮೊದಲ ಚಿತ್ರ ಮಾಡುವ ಎಲ್ಲರಿಗೂ ಬೇಕು. ಜಾತಿಯ ಹೆಸರು ಹೇಳಿ, ಹೆಣ್ಣೆಂದು ಹೇಳಿ ತರಬೇತಿಯ ಷರತ್ತು ಹಾಕಿದೊಡನೆ, 1976ರ ಆ ಐದನೆಯ ಒರೆಗಲ್ಲು ಬಟ್ಟೆ ಬದಲಿಸಿ ಬಂದು ನಿಂತ ಹಾಗಾಗುತ್ತದೆ. ಚಿತ್ರಕಥೆ ಹೇಗಿದೆಯೆಂಬ ಪ್ರಶ್ನೆ ಹಿಂದೆ ಸರಿದು, ನೀನು ಯಾರೆಂಬ ಪ್ರಶ್ನೆ ಮುಂದೆ ಬರುತ್ತದೆ. ಒಮ್ಮೆ ಇಲ್ಲವೆನ್ನಿಸಿಕೊಂಡು, ಏಳು ವರ್ಷ ಕಾದು, ಸರಕಾರದ ಒಂದೂವರೆ ಲಕ್ಷದಿಂದ ಮೊದಲ ಚಿತ್ರ ಮಾಡಿದವರ ಬಾಯಿಂದ ಆ ಪ್ರಶ್ನೆ ಕೇಳಿದ್ದು ನನಗೆ ನೋವಿನ ವಿಷಯ.

ಇನ್ನೊಂದು ಸಂಗತಿಯನ್ನು ಆ ಚರ್ಚೆಯಲ್ಲಿ ಯಾರೂ ಸಾಕಷ್ಟು ಗಟ್ಟಿಯಾಗಿ ಹೇಳಿದಂತೆ ಕಾಣಲಿಲ್ಲ. ಮಣಿ ಕೌಲರ ಚಿತ್ರ ಓಡದಿದ್ದಾಗ ಮಣಿ ಕೌಲರು ಸೋತರೆಂದರು. ಹೆಚ್ಚೆಂದರೆ ಹೊಸ ಅಲೆ ಸೋತಿತೆಂದರು. ಅವರ ಜಾತಿಯವರಿಗೆ, ಅವರಂತೆ ಗಂಡಸಾಗಿ ಹುಟ್ಟಿದವರಿಗೆ ಇನ್ನು ಹಣ ಕೊಡಬಾರದೆಂದು ಯಾರಿಗೂ ಹೊಳೆಯಲಿಲ್ಲ. ಕೇರಳದ ಯೋಜನೆಯಲ್ಲಿ ಒಂದು ಚಿತ್ರ ಸಪ್ಪೆಯಾದರೆ ಮಾತ್ರ ಇಡೀ ವರ್ಗವೇ ಪರೀಕ್ಷೆಯಲ್ಲಿ ಬಿದ್ದಂತೆ. ಸೋಲುವ ಸ್ವಾತಂತ್ರ್ಯವನ್ನೂ ಸರಕಾರ ಹಂಚುತ್ತದೆ. ಅದು ಮಂಜೂರಾತಿಯ ಕಾಗದದಲ್ಲಿ ನಮೂದಾಗುವುದಿಲ್ಲ.

ಬಾಗಿಲೇ ಬೇಡವೆನ್ನುವವನು ನಾನಲ್ಲ. ಹತ್ತು ಮಂದಿಗೆ ಸಾಲುವ ಹಣಕ್ಕೆ ಸಾವಿರ ಮಂದಿ ಬಂದರೆ ಒಂಬೈನೂರ ತೊಂಬತ್ತು ಮಂದಿಗೆ ಇಲ್ಲವೆನ್ನಲೇಬೇಕು, ಆ ಕೆಲಸ ಯಾರಾದರೂ ಮಾಡಲೇಬೇಕು. ಕಾಲೇಜಿನ ಪ್ರವೇಶ ಸಮಿತಿಯಲ್ಲಿ ಕುಳಿತು ನಾನೂ ಅದನ್ನು ಮಾಡಿದ್ದೇನೆ, ತಪ್ಪೂ ಮಾಡಿದ್ದೇನೆ. ಬಾಗಿಲ ಒಳಗೆ ಕುಳಿತವರೆಲ್ಲ ಒಂದೇ ಓಣಿಯವರಾದರೆ, ಕೆಟ್ಟ ಮನಸ್ಸಿಲ್ಲದೆಯೂ ಅವರಿಗೆ ತಮ್ಮ ಓಣಿಯ ದನಿ ಮಾತ್ರ ಸ್ಪಷ್ಟವಾಗಿ ಕೇಳುತ್ತದೆ. ಗಾಳಿಯ ಸದ್ದಿನಲ್ಲಿ ಮುಳುಗಿದ ಮಾತನ್ನು ಕೇಳಿಸಿಕೊಳ್ಳಲು ಆ ಮಾತನ್ನು ಮೊದಲೇ ಎಲ್ಲಾದರೂ ಕೇಳಿರಬೇಕು. ಹುಡುಗನ ಚಿತ್ರದಲ್ಲಿ ಮುದುಕಿ ಲಂಬಾಣಿಯಲ್ಲಿ ಏನೋ ಹೇಳುತ್ತಾಳೆ, ಉಳಿದವರು ನಗುತ್ತಾರೆ. ನಾನು ಅದನ್ನು ಎರಡು ಸಲ ನೋಡಿದೆ, ಏನೆಂದು ತಿಳಿಯಲಿಲ್ಲ. ಕೇಳಿದಾಗ ಅವನು, "ಅದು ಹೇಳಿದ್ರೆ ನಗು ಬರಲ್ಲ ಸಾರ್" ಎಂದು ನಕ್ಕುಬಿಟ್ಟ.

ಶಿಫಾರಸು ಪತ್ರವನ್ನು ನಾಲ್ಕು ಸಲ ಬರೆದು ಹರಿದೆ. ಮೊದಲ ಸಲ ಬರೆದದ್ದು ಅವನ ಬಡತನವನ್ನು. ಓದಿ ನನಗೇ ನಾಚಿಕೆಯಾಯಿತು. ಕೊನೆಗೆ ಅವನ ಜಾತಿ, ಊರು, ತಾಯಿಯ ಕೂಲಿ ಯಾವುದನ್ನೂ ಬರೆಯದೆ, ಇಪ್ಪತ್ತು ನಿಮಿಷದ ಚಿತ್ರದಲ್ಲಿ ನಾನು ಕಂಡದ್ದನ್ನು ಒಂದೂವರೆ ಪುಟ ಬರೆದೆ: ಲಾರಿ, ಎಲೆಯಡಿಕೆಯ ಚೀಲ, ನಗು. ನಮೂನೆಯ ಕೊನೆಯಲ್ಲಿ 'ಅರ್ಜಿದಾರರನ್ನು ತಾವು ಹೇಗೆ ಬಲ್ಲಿರಿ' ಎಂಬ ಕಾಲಮು ಇತ್ತು. ಮೂರು ವರ್ಷ ನನ್ನ ತರಗತಿಯಲ್ಲಿದ್ದರು, ಆಗ ಸರಿಯಾಗಿ ಬಲ್ಲೆನೆನ್ನಲಾರೆ ಎಂದು ಬರೆದು ರುಜು ಹಾಕಿದೆ. ಹುಡುಗ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟುಕೊಂಡು, ತೋಟದ ಕೆಲಸ ಶುರುವಾಗುವುದರೊಳಗೆ ಊರಿಗೆ ಹೋಗಬೇಕು, ತಾಯಿಯ ಜೊತೆ ಈ ಸಲ ತಾನೂ ಲಾರಿ ಹತ್ತುತ್ತೇನೆ ಎಂದು ಹೇಳಿ ಸಂಜೆಯ ಬಸ್ಸಿಗೆ ಹೊರಟ. ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ.